ಘಾಟಿಯಲ್ಲಿ ಕೈಕೊಟ್ಟ ಪೆಡಲು

"ತಮ್ಮಾ, ಪೆಡಲ್ ತಳಕ್ಕ ಹೋತು."

ಮಾಮಾನ ದನಿಯಲ್ಲಿ ಗಾಬರಿಯೇ ಇರಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದೇ ಅದರಿಂದ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ, ಸಣ್ಣ ಗುಂಡಿಗೂ ಸರಕಾರಕ್ಕೆ ಶಾಪ ಹಾಕುವವನು, ಈಗ ಬೀಡಿ ಕೇಳುವಷ್ಟು ಮೆಲ್ಲಗೆ ಮಾತಾಡುತ್ತಿದ್ದ.

ಹನುಮನಾ ಹಿಂದೆ ಬಿದ್ದಿತ್ತು. ಮಧ್ಯಪ್ರದೇಶ ಮುಗಿದು ಉತ್ತರಪ್ರದೇಶ ಶುರುವಾಗಿತ್ತು. ಜಬಲ್ಪುರ, ರೀವಾ ದಾಟಿ ಕಾಶಿಗೆ ಹೋಗುವವರಿಗೆಲ್ಲ ಗೊತ್ತಿರುವ ಡ್ರಮ್ಮಂಡ್‌ಗಂಜ್ ಘಾಟಿ ಇದು. ರೀವಾದ ಎತ್ತರದ ನೆಲ ಇಲ್ಲಿ ಒಮ್ಮೆಲೇ ಮಿರ್ಜಾಪುರದ ಕಡೆಗೆ ಇಳಿದುಬಿಡುತ್ತದೆ. ಬ್ರೇಕ್ ಹೋದ ಲಾರಿಗಳ ಕಥೆ ಈ ರಸ್ತೆಯ ಪ್ರತಿ ಢಾಬಾದಲ್ಲೂ ಸಿಗುತ್ತದೆ. ನಮ್ಮ ಪಿಕಪ್ಪಿನ ಬೆನ್ನ ಮೇಲೆ ಕಲಬುರಗಿಯ ತೊಗರಿಬೇಳೆ, 50 ಕೆಜಿಯ 25 ಚೀಲ. ಜಂಗಮವಾಡಿ ಮಠದ ದಾಸೋಹಕ್ಕೆ ಊರವರು ಕೂಡಿಸಿ ಕೊಟ್ಟದ್ದು. ಮಠದಲ್ಲಿ ಅಜ್ಜಿಯ ಹೆಸರಿಗೆ ಒಂದು ಲಿಂಗ ಕೂಡಿಸುವುದೂ ಇತ್ತು. ಶಿವರಾತ್ರಿಗೆ ಎರಡೇ ದಿನ.

ಮಾಮಾ ಪೆಡಲು ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ನಾಲ್ಕನೆಯ ಸಲಕ್ಕೆ ಅದು ತುಸು ಎದ್ದಿತು. ಗಾಡಿ ಮುಗ್ಗರಿಸಿದಂತೆ ಆಗಿ ಮತ್ತೆ ಓಡಿತು. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದ. ಇಂಜಿನ್ ಹುಯ್ಯಲಿಟ್ಟಿತು.

"ಇಂಜಿನ್ ಬಂದ್ ಮಾಡು ಮಾಮಾ!"

"ಹುಚ್ಚ! ಬಂದ್ ಮಾಡಿದ್ರ ಬೂಸ್ಟರ್ ಸಾಯ್ತದ, ಸ್ಟೇರಿಂಗ್ ಕಲ್ಲಾಗ್ತದ. ನೀ ಹ್ಯಾಂಡ್‌ಬ್ರೇಕ್ ಹಿಡಿ. ಒಂದೊಂದೇ ಹಲ್ಲು. ಜಗ್ಗಬ್ಯಾಡ."

ಹ್ಯಾಂಡ್‌ಬ್ರೇಕಿಗೆ ಆಯಿಲಿನ ಹಂಗಿಲ್ಲ. ಅದು ತಂತಿಯ ಮೇಲೆ ಹಿಂದಿನ ಎರಡು ಡ್ರಮ್ಮುಗಳನ್ನು ಹಿಡಿಯುತ್ತದೆ. ಒಂದು ಹಲ್ಲು ಎಳೆದೆ. ಎರಡು. ಮೂರನೆಯದಕ್ಕೆ ಗಾಡಿ ಬಲಕ್ಕೆ ಎಳೆಯಿತು, ಎದುರಿನ ಲಾರಿಯ ದೀಪ ಗಾಜಿನ ತುಂಬ ಬೆಳೆಯಿತು. ಮಾಮಾ ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದ. ಲಾರಿಯ ಹಾರ್ನು ನಮ್ಮ ಬಾಗಿಲನ್ನೇ ಸವರಿಕೊಂಡು ಹೋಯಿತು. ಬಲಕ್ಕೆ ಯಾಕೆ ಎಳೆಯಿತು ಎಂದು ಕೇಳುವ ಹೊತ್ತು ಅದಲ್ಲ. ಉತ್ತರ ಸಿಕ್ಕಿದ್ದು ಕಾಶಿಯಲ್ಲಿ.

ಒಂದನೇ ಗೇರು. ಬೀಳಲಿಲ್ಲ. ಹಲ್ಲುಗಳು ಕರಕರ ಕಡಿದವು. ಮಾಮಾ ಆಕ್ಸಿಲರೇಟರನ್ನು ಒಮ್ಮೆ ಝಾಡಿಸಿ ಮತ್ತೆ ನೂಕಿದ. ಬಿತ್ತು. ಹಿಂದಿನ ಚೀಲಗಳೆಲ್ಲ ಕ್ಯಾಬಿನ್ನಿಗೆ ಒಮ್ಮೆಲೇ ಗುದ್ದಿದವು. ಮುಂದೆ ತಿರುವು, ಗುಡ್ಡದ ಮಗ್ಗುಲಿಗೆ ರಸ್ತೆ ಕೆಲಸದವರು ಸುರಿದು ಹೋಗಿದ್ದ ಮಣ್ಣಿನ ದಿಬ್ಬ. ಅದರೊಳಗೆ ಮೂತಿ ಹೂತುಕೊಂಡು ನಿಂತೆವು.

ಮುಂದಿನ ಚಕ್ರಗಳಿಂದ ಹೊಗೆ. ಸುಟ್ಟ ಪ್ಯಾಡಿನ ವಾಸನೆ ಮೂಗಿನೊಳಗೇ ಕೂತಿತ್ತು. ನಾನು ನೀರಿನ ಕ್ಯಾನ್ ಎತ್ತಿದೆ. ಮಾಮಾ ಕೈ ಹಿಡಿದ: "ಕೆಂಡದಂಥ ಕಬ್ಬಿಣಕ್ಕ ನೀರು ಹಾಕಿದ್ರ ಸೀಳ್ತದ. ಕೂಡು."

ಕೂತೆವು. ಮುಕ್ಕಾಲು ಗಂಟೆ ಕಳೆದಾಗ ಪೆಡಲು ತಾನಾಗಿಯೇ ಅರ್ಧ ಎದ್ದು ಬಂದಿತ್ತು. ಅದನ್ನು ನೋಡಿ ಮಾಮಾ ನಕ್ಕ. "ಆಯಿಲ್ ಕುದ್ದದ."

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲು 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ 140ಕ್ಕೇ ಕುದಿಯಬಹುದು. ಆಯಿಲು ಅಮುಕಿದರೆ ಅಮುಕಿಸಿಕೊಳ್ಳುವುದಿಲ್ಲ, ಅದರ ಬಲವೇ ಅದು. ಆವಿ ಅಮುಕಿಸಿಕೊಳ್ಳುತ್ತದೆ. ಕಾಲಿನ ಒತ್ತೆಲ್ಲ ಆ ಗುಳ್ಳೆಗಳನ್ನು ಹಿಸುಕುವುದಕ್ಕೇ ಮುಗಿದು ಚಕ್ರದತನಕ ಏನೂ ತಲುಪುವುದಿಲ್ಲ.

ಟಾರ್ಚ್ ಬೆಳಕಿನಲ್ಲಿ ಮಾಮಾ ಪರೀಕ್ಷೆಗೆ ಇಳಿದ. ಇಂಜಿನ್ ಬಂದ್ ಮಾಡಿ, ಪಂಪ್ ಮಾಡಿ, ಪಾದ ಒತ್ತಿಯೇ ಹಿಡಿದ. ಪೆಡಲು ಮೆಲ್ಲಗೆ ಕುಸಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹೋಗಿದೆ ಎಂದು ಅರ್ಥ. ಕುಸಿಯಲಿಲ್ಲ. ಹಾಗೇ ಒತ್ತಿಕೊಂಡು ಇಂಜಿನ್ ಚಾಲೂ ಮಾಡಿದಾಗ ಅದು ಬೆರಳಷ್ಟು ಇಳಿಯಿತು, ಅಂದರೆ ಬೂಸ್ಟರ್ ಸರಿ ಇದೆ. ನನ್ನ ಕೈಲಿ ಮುಂದಿನ ರಬ್ಬರ್ ಪೈಪು ಹಿಡಿಸಿ ಪೆಡಲು ಒತ್ತಿದ. ಪೈಪು ಉಬ್ಬಲಿಲ್ಲ. ಆದರೆ ಡಬ್ಬಿಯಲ್ಲಿ ಆಯಿಲು ಗೆರೆಗಿಂತ ಎರಡು ಬೆರಳು ಕೆಳಗಿತ್ತು.

"ಜಬಲ್ಪುರದಾಗ ತುಂಬಿಸಿದ್ದೆವಲ್ಲ?"

ಮಾಮಾ ಉತ್ತರ ಕೊಡಲಿಲ್ಲ. ಪೆಡಲು ನಾಗಪುರದಿಂದಲೇ ಮೆತ್ತಗಾಗಿತ್ತು, ಅವನಿಗೆ ಗೊತ್ತಿತ್ತು. ಜಬಲ್ಪುರದಲ್ಲಿ ರಸ್ತೆ ಬದಿಯ ಒಬ್ಬನಿಂದ ಡಬ್ಬಿ ತುಂಬಿಸಿಕೊಂಡು ಮುಂದೆ ಬಂದಿದ್ದೆವು. ನನ್ನನ್ನು ಕೇಳಿದರೆ ಡ್ರೈವರುಗಳು ತಮಗೇ ಹಾಕಿಕೊಳ್ಳುವ ದೊಡ್ಡ ಟೋಪಿ ಇದು. ಬ್ರೇಕ್ ಆಯಿಲು ಡೀಸೆಲ್ಲಿನಂತೆ ಖರ್ಚಾಗುವ ಸಾಮಾನಲ್ಲ. ಇಳಿಯಿತೆಂದರೆ ಒಂದೋ ಲೈನರ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಬೆಳಗಾದ ಮೇಲೂ ಹೊರಡಬಾರದಿತ್ತು. ಹೊರಟೆವು. ಬಯಲು ನೆಲ, ಎರಡನೇ ಗೇರು, ಸೈಕಲ್ಲುಗಳೂ ನಮ್ಮನ್ನು ಹಿಂದೆ ಹಾಕಿದವು. ಮಿರ್ಜಾಪುರ, ಚುನಾರ್, ಗಂಗೆಯ ಸೇತುವೆ. ಕಾಶಿ ಮುಟ್ಟುವಾಗ ನಡುರಾತ್ರಿ ದಾಟಿತ್ತು. ಗೊದೌಲಿಯಾದಿಂದ ಜಂಗಮವಾಡಿಗೆ ನಡೆದರೆ ಹತ್ತು ನಿಮಿಷವೂ ಬೇಡ. ನಮಗೆ ಅದು ಘಾಟಿಗಿಂತ ಉದ್ದವಾಯಿತು. ಮಲಗಿದ ಯಾತ್ರಿಕರು, ರಿಕ್ಷಾಗಳು, ನಡುರಸ್ತೆಗೆ ಮೈಚಾಚಿದ ಗೂಳಿಗಳು. ನಾನು ಮುಂದೆ ನಡೆಯುತ್ತಾ ಕೈಯಲ್ಲೊಂದು ಕಲ್ಲು ಹಿಡಿದಿದ್ದೆ. ಗಾಡಿ ನಿಲ್ಲದಿದ್ದರೆ ಚಕ್ರದಡಿ ಎಸೆಯಲು.

ಅಕ್ಬರ್, ಔರಂಗಜೇಬರ ಫರ್ಮಾನುಗಳನ್ನು ಕಾಪಿಟ್ಟುಕೊಂಡಿರುವ ಮಠ ಅದು. ಕಣ್ಣು ಹಾಯುವಷ್ಟೂ ಪುಟ್ಟಪುಟ್ಟ ಲಿಂಗಗಳು, ಒಂದೊಂದರ ಹಿಂದೆ ತೀರಿಕೊಂಡ ಒಂದೊಂದು ಜೀವ. ಬೇಳೆ ಇಳಿಸುವಾಗ ಕನ್ನಡ ಕಿವಿಗೆ ಬಿತ್ತು. ಯಾರೋ ಬಿಜಾಪುರದವರು, "ಎಲ್ಲಿಂದ ಬಂದ್ರಿ?" ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು.

ಬೆಳಿಗ್ಗೆ ಬಂದ ಮಿಸ್ತ್ರಿ ಮುದುಕ. ಗಾಡಿ ಯಾವ ಕಡೆ ಎಳೆಯುತ್ತಿತ್ತು ಎಂದು ಕೇಳಿದ. ಬಲಕ್ಕೆ ಎಂದೆ. ನೇರವಾಗಿ ಹಿಂದಿನ ಎಡ ಚಕ್ರ ಬಿಚ್ಚಿದ. ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಮಡಚಿದ್ದೇ ತಡ, ಕಪ್ಪು ಆಯಿಲು ಅವನ ಮಣಿಕಟ್ಟಿಗೆ ಇಳಿಯಿತು. ಆ ಕಡೆಯ ಲೈನರ್ ಎಣ್ಣೆಯಲ್ಲಿ ನೆಂದ ಹೋಳಿಗೆಯಂತಾಗಿತ್ತು. ಘಾಟಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಬಲದ ಚಕ್ರ ಒಂದೇ ಹಿಡಿದದ್ದು ಅದಕ್ಕೇ.

ಹೊಸ ಸಿಲಿಂಡರ್, ಎರಡೂ ಕಡೆ ಹೊಸ ಲೈನರ್. ಆಮೇಲೆ ಏರ್ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪೆಡಲಿನ ಮೇಲೆ ನನ್ನ ಕಾಲು. "ದಬಾವೋ... ಪಕಡೋ!" ಎಂದಾಗ ಒತ್ತಿ ಹಿಡಿಯಬೇಕು. ಅವನು ನಿಪ್ಪಲ್ ಸಡಿಲಿಸುತ್ತಾನೆ, ಪೆಡಲು ತಳಕ್ಕೆ ಹೋಗುತ್ತದೆ, ನಿಪ್ಪಲ್ ಬಿಗಿದು "ಛೋಡೋ" ಎನ್ನುವವರೆಗೆ ಕಾಲೆತ್ತುವಂತಿಲ್ಲ. ಎತ್ತಿದರೆ ಹೊರಗಿನ ಗಾಳಿ ಒಳಕ್ಕೆ. ಸಣ್ಣ ಪ್ಲಾಸ್ಟಿಕ್ ನಳಿಗೆಯಲ್ಲಿ ಚಹಾ ಬಣ್ಣದ ಆಯಿಲು, ನಡುನಡುವೆ ಗುಳ್ಳೆ. ಒಂದು ಹನಿ ಬಾಗಿಲಿಗೆ ಹಾರಿ ಬಣ್ಣ ಉಬ್ಬಿಸಿತು.

ನಾಲ್ಕೂ ಮುಗಿದವು. ಒತ್ತಿದೆ. ಇನ್ನೂ ಮೆತ್ತಗೆ!

ಮಾಮಾ ಕಟ್ಟೆಯ ಮೇಲೆ ಕುಸಿದ. ಮಿಸ್ತ್ರಿ ಮಾತ್ರ ಜಾಕ್ ಇಳಿಸಿ, ನಾಲ್ಕೂ ಚಕ್ರ ನೆಲಕ್ಕೂರಿಸಿ, ಗಾಡಿಯಡಿ ತೆವಳಿದ. ಹಿಂದಿನ ಆಕ್ಸಲಿನ ಮೇಲೆ, ಚಾಸಿಗೆ ಅಂಟಿಕೊಂಡು ಒಂದು ವಾಲ್ವ್. ಭಾರ ಎಷ್ಟಿದೆ ಎಂದು ಒಂದು ಸರಳಿನಿಂದ ತಿಳಿದುಕೊಂಡು ಹಿಂದಿನ ಚಕ್ರಗಳಿಗೆ ಅಷ್ಟು ಒತ್ತಡ ಬಿಡುವುದು ಅದರ ಕೆಲಸ. ಅದಕ್ಕೂ ಒಂದು ನಿಪ್ಪಲ್ ಇದೆ, ಮಣ್ಣು ಮೆತ್ತಿ ಕಾಣದಂತಾಗಿತ್ತು.

"ದಬಾವೋ."

ಒತ್ತಿದೆ. ನಳಿಗೆ ಕೆಮ್ಮಿತು. ಗುಳ್ಳೆ, ಗುಳ್ಳೆ, ಮತ್ತೆ ಗುಳ್ಳೆ, ಆಮೇಲೆ ಹೊಂಬಣ್ಣದ ಒಂದೇ ಎಳೆ. ಮುಂದಿನ ಸಲ ಪೆಡಲು ಎರಡು ಬೆರಳು ಇಳಿದು ಕಲ್ಲಿನಂತೆ ನಿಂತಿತು.

ಮಾಮಾ ನನ್ನನ್ನು ಸರಿಸಿ ತಾನೇ ಕೂತ. ರಸ್ತೆಯುದ್ದಕ್ಕೂ ಗಾಡಿ ಓಡಿಸಿ, ಮಠದ ಎದುರು ಮಲಗಿದ್ದ ಗೂಳಿಯ ಮೂತಿಗೆ ಒಂದು ಮೊಳ ಇರುವಾಗ ಬ್ರೇಕ್ ಒತ್ತಿದ. ಗಾಡಿ ನಿಂತಿತು. ಗೂಳಿ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ.