ಪ್ಯಾಕೆಟ್ ಹೊಸದು, ರಬ್ಬರ್ ಹಳೇದು

ಭಾಗ 1/5

ಹುಣಸೆ ಮರದ ಕೆಳಗೆ ನಿಂತಿರೋದು ನಮ್ಮನೆ ಗಾಡಿ. ಕಾಲೇಜಲ್ಲಿ ಎಲ್ಲರೂ 'ನಿಮ್ಮ ಅಂಬಾಸಿಡರ್ ಹೆಂಗಿದೆ ಮಗಾ' ಅಂತ ಕೇಳ್ತೀರಲ್ಲ, ಅದು ಅಂಬಾಸಿಡರ್ ಅಲ್ಲ ಕಣ್ರೋ. ಪ್ರೀಮಿಯರ್ ಪದ್ಮಿನಿ. ಮಾಂಬಳ್ಳೀಲಿ ಯಾರೂ ಆ ಹೆಸರು ಹೇಳಲ್ಲ, ಫಿಯೆಟ್ ಅಂತಾರೆ. ಅದೂ ತಪ್ಪಲ್ಲ. ಇಟಲಿಯ ಫಿಯೆಟ್ 1100 ಗಾಡಿಯನ್ನೇ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಿಂದ ಮಾಡ್ತಾ ಬಂತು. ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಾಯ್ತು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 2000ದ ಸುಮಾರಿಗೆ ತಯಾರಿಕೆ ನಿಂತಿತು. ಅಂದ್ರೆ ನಾವು ಹುಟ್ಟೋಕೆ ಮುಂಚೆನೇ.

ನಮ್ಮದು 1984ರ ಗಾಡಿ. ಆರ್‌ಸಿ ಪುಸ್ತಕದಲ್ಲಿ ಮೈಸೂರು ಜಿಲ್ಲೆ ಅಂತಲೇ ಇದೆ, ಚಾಮರಾಜನಗರ ಜಿಲ್ಲೆ ಆಗಿದ್ದೇ 1997ರಲ್ಲಿ. ತಾತ ರೇಷ್ಮೆ ನೂಲು ಬಿಚ್ಚಿಸೋ ಕಸುಬು ಮಾಡ್ತಿದ್ರು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡು, ಹಿಂದಿನ ಸೀಟು ಕಿತ್ತು, ಗೂಡಿನ ಮೂಟೆ ತುಂಬಿಕೊಂಡು ಬರೋರು. ಜೋರು ಮಳೆ ಬಂದ್ರೆ ಈಗಲೂ ಒಳಗಡೆ ಹುಳದ ವಾಸನೆ ಬರುತ್ತೆ. ಅವ್ವ ಮೂಗು ಮುಚ್ಕೋತಾರೆ. ಅಜ್ಜಿ ಮಾತ್ರ ಕಿಟಕಿ ಹತ್ರ ಹೋಗಿ ಒಂದು ಗಳಿಗೆ ನಿಂತ್ಕೋತಾರೆ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗಬೇಕು. 2019ರಲ್ಲಿ ತಾತನೇ ಮಾಡಿಸಿದ್ರು. ಆಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್ 1ರಿಂದ ಅದು 5,000 ಆಯ್ತು. ತಾತ ಹೋದ ಮೇಲೆ ಮುಂದಿನ ಸರದಿ 2024ರಲ್ಲಿ ಬಂತು.

ಅಪ್ಪ ಊಟಕ್ಕೆ ಕೂತಾಗ ಹೇಳಿದ್ರು, 'ಇನ್ನು ಸಾಕು. ಗುಜರಿಗೆ ಕೊಟ್ಬುಡನ.'

ನಾನು ಅಂದೆ, 'ಫೆಬ್ರವರಿವರೆಗೆ ಟೈಮ್ ಕೊಡಿ ಅಪ್ಪ. ಆರ್‌ಟಿಒ ಪಾಸ್ ಮಾಡ್ಲಿಲ್ಲ ಅಂದ್ರೆ ನಾನೇ ಗುಜರಿಯೋರನ್ನ ಕರ್ಕೊಂಡು ಬರ್ತೀನಿ.'

ಮಾತು ಕೊಟ್ಟಿದ್ದು ಸುಲಭ ಆಯ್ತು. (ಮುಂದಿನದು ನಾಳೆ)

ಭಾಗ 2/5

ಇವತ್ತಿನ ಫೋಟೋ: ಮೇಸ್ತ್ರಿ ಕೈ. ಮುಖ ಹಾಕ್ಬೇಡ ಅಂದ್ರು, ಅದಕ್ಕೆ ಕೈ ಮಾತ್ರ.

ಯಳಂದೂರಲ್ಲಿ ಗ್ಯಾರೇಜ್ ಇಟ್ಟಿದ್ದ ಹಿರಿಯ ಮೇಸ್ತ್ರಿ ಇವರು. ಈಗ ಕಣ್ಣು ಸರಿ ಕಾಣಲ್ಲ, ಕಿವೀಲೇ ಗಾಡಿ ನೋಡ್ತಾರೆ. ನಾನು ಮೊದಲ ದಿನ ಹೋಗಿ, 'ಮೇಸ್ತ್ರಿ, ಫಿಯೆಟ್ ಪಾರ್ಟ್ಸ್ ಎಲ್ಲಿ ಸಿಗುತ್ತೆ?' ಅಂದೆ.

'ಮೊದಲು ಅಂಗಡೀಲಿ ಫಿಯೆಟ್ ಅನ್ನೋದ ಬುಡು. ಹೆಸರು ಕೇಳಿದ ತಕ್ಷಣ ಇಲ್ಲ ಅಂತರ. ನಂಬರ್ ಹೇಳು, ಅಳತೆ ಹೇಳು.'

ಅವರು ಕಲಿಸಿದ ಲೆಕ್ಕ ಬರೀತೀನಿ. ಹಳೇ ಬೈಕ್ ಇಟ್ಕೊಂಡಿರೋರು ಸೇವ್ ಮಾಡ್ಕೊಳ್ಳಿ, ಅದಕ್ಕೂ ಇದೇ ಲೆಕ್ಕ.

ಒಂದು, ನಂಬರ್ ಇರೋ ಸಾಮಾನು. ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತೆ. ಆಯಿಲ್ ಸೀಲ್‌ಗೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಇದ್ರೆ ಸಾಕು. ಫ್ಯಾನ್ ಬೆಲ್ಟ್‌ಗೆ ಉದ್ದ, ಅಗಲ. ಇವು ಯಾವ ಗಾಡಿಗೆ ಹೋಗ್ತಾವೆ ಅಂತ ಅಂಗಡಿಯೋರಿಗೆ ಗೊತ್ತಾಗೋದೇ ಬೇಡ. ಒಂದು ವರ್ನಿಯರ್ ತಗೊಂಡೆ, ನನ್ನ ಅರ್ಧ ಕಷ್ಟ ಕಳೀತು.

ಎರಡು, ಮಾಡಿಸೋ ಸಾಮಾನು. ಬುಶ್, ಪಿನ್ನು ಕೊಳ್ಳೇಗಾಲದ ಲೇತ್‌ನಲ್ಲಿ ಆಗುತ್ತೆ. ಗ್ಯಾಸ್ಕೆಟ್ಟನ್ನ ಶೀಟ್ ತಂದು, ಕಬ್ಬಿಣದ ಮೇಲೆ ಇಟ್ಟು, ಸುತ್ತಿಗೇಲಿ ಅಂಚು ತಟ್ಟಿ ತಟ್ಟಿ ಕತ್ತರಿಸಬೇಕು. ಅವ್ವ ನೋಡಿ, 'ಚಕ್ಕುಲಿ ಒತ್ತೋಕೂ ಇಷ್ಟು ತಾಳ್ಮೆ ಇಲ್ಲ ನಿಂಗ' ಅಂದ್ರು.

ಮೂರು, ಸತ್ತ ಗಾಡಿಯಿಂದಲೇ ತರಬೇಕಾದ ಸಾಮಾನು. ಡೋರ್ ಹ್ಯಾಂಡಲ್, ಹಿಂದಿನ ಲೈಟಿನ ಗಾಜು, ಮುಂದಿನ ಕಿಟಕಿಯ ತ್ರಿಕೋನ ಗಾಜಿನ ಕೊಂಡಿ. ಇವನ್ನ ಯಾವ ಲೇತೂ ಮಾಡಲ್ಲ. ಹನೂರು ಕಡೆ ಒಂದು ತೋಟದಲ್ಲಿ ಪಂಪ್‌ಸೆಟ್ ಮನೆ ಹಿಂದೆ ಪದ್ಮಿನಿ ಇದೆ ಅಂತ ಬಸ್ ಕಂಡಕ್ಟರ್ ಒಬ್ರು ಹೇಳಿದ್ರು. ಹೋದ್ರೆ ನಿಜ! ಗಾಡಿ ತುಂಬಾ ಕೋಳಿ. ತೋಟದ ಯಜಮಾನ್ರು ಎರಡು ಹ್ಯಾಂಡಲ್‌ಗೆ ಕಾಸು ತಗೊಳ್ಳಲಿಲ್ಲ. 'ಹಿಂದಿನ ಸೀಟಲ್ಲಿ ಕಾವಿಗೆ ಕೂತದ, ಆ ಕಡೆ ಬಾಗಿಲು ಮಾತ್ರ ತೆಗೀಬ್ಯಾಡ' ಅಂದ್ರು.

ಮೂರು ತಿಂಗಳಲ್ಲಿ ನಾನು ಎಲ್ಲಾ ಕಲಿತೆ ಅಂದ್ಕೊಂಡೆ. ಬೇಸಿಗೇಲಿ ಪೆಟ್ರೋಲ್ ಪಂಪ್ ಕಾದು ಎಂಜಿನ್ ನಿಂತ್ರೆ ಅದರ ಮೇಲೆ ಒದ್ದೆ ಬಟ್ಟೆ ಹಾಕೋದು ಗೊತ್ತು. ಪಾಯಿಂಟ್ ಉಜ್ಜಿ ಗ್ಯಾಪ್ ಇಡೋದು ಗೊತ್ತು. ನಾಲ್ಕನೇ ಬಗೆ ಸಾಮಾನು ಒಂದಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಭಾಗ 3/5

ಈ ಭಾಗಕ್ಕೆ ಫೋಟೋ ಇಲ್ಲ. ಬರೀ ಕಪ್ಪು ಚೌಕ.

ನಿಮ್ಗೆ ನೆನಪಿರಬಹುದು, 'ಮನೇಲೇ ಬ್ರೇಕ್ ರಿಪೇರಿ' ಅಂತ ಒಂದು ರೀಲ್ ಹಾಕಿದ್ದೆ. ತುಂಬಾ ಜನ ಬೆಂಕಿ ಎಮೋಜಿ ಕಳಿಸಿದ್ರಿ. ಅದನ್ನ ಡಿಲೀಟ್ ಮಾಡಿದ್ದು ಯಾಕೆ ಅಂತ ಇವತ್ತು ಹೇಳ್ತೀನಿ.

ಹಿಂದಿನ ಎಡಗಡೆ ಚಕ್ರದ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಜಿನುಗ್ತಿತ್ತು. ಒಳಗಿನ ರಬ್ಬರ್ ಕಪ್ ಬದಲಾಯಿಸಬೇಕಿತ್ತು. ಒಂದು ಊರಿನ ಹಳೇ ಸ್ಪೇರ್ಸ್ ಅಂಗಡೀಲಿ ಕೇಳಿದೆ. ಅಟ್ಟದ ಮೇಲಿಂದ ಧೂಳು ಕೊಡವಿ ಪ್ಯಾಕೆಟ್ ಕೊಟ್ರು. ಸೀಲ್ ಒಡೆದಿರಲಿಲ್ಲ, ಹಳೇ ರೇಟೇ ಅಚ್ಚಾಗಿತ್ತು. ನಿಧಿ ಸಿಕ್ಕಂಗಾಯ್ತು. ಮೇಸ್ತ್ರಿಗೆ ತೋರಿಸಲಿಲ್ಲ. ನಾನೇ ಬಿಚ್ಚಿ, ಪೆಟ್ರೋಲಲ್ಲಿ ತೊಳೆದು, ಹಾಕಿ, ತಮ್ಮನ ಕೈಲಿ ಪೆಡಲ್ ಒತ್ತಿಸಿ ಗಾಳಿ ತೆಗೆದೆ. ರೀಲ್ ಮಾಡಿದೆ.

ನವೆಂಬರ್‌ನ ಒಂದು ಶನಿವಾರ ಅಜ್ಜಿ, 'ರಂಗಪ್ಪನ ನೋಡಿ ಬಾಳ ದಿನ ಆಯ್ತು ಮೊಗ' ಅಂದ್ರು. ಇಬ್ರೇ ಹೊರಟೆವು. ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವಾಗ ಗಾಡಿ ಚೆನ್ನಾಗೇ ಹತ್ತಿತು. ದರ್ಶನ ಆಯ್ತು, ಪ್ರಸಾದ ಆಯ್ತು.

ಇಳಿಯುವಾಗ ಪೆಡಲ್ ಸ್ವಲ್ಪ ಮೆತ್ತಗೆ ಅನ್ನಿಸ್ತು. ಎರಡು ಸಲ ಒತ್ತಿದೆ, ಸಿಕ್ಕಿತು. ಮುಂದಿನ ತಿರುವಲ್ಲಿ ಮೂರು ಸಲ ಒತ್ತಿದೆ. ಅದರ ಮುಂದಿನ ತಿರುವಲ್ಲಿ ಪೆಡಲ್ ನೇರ ಹೋಗಿ ತಳ ಮುಟ್ಟಿತು. ಏನೂ ಇಲ್ಲ. ನಮ್ಮ ಗಾಡೀಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಒಂದು ಕಡೆ ಆಯಿಲ್ ಹೋದ್ರೆ ನಾಲ್ಕೂ ಹೋದಂಗೆ.

ಸೆಕೆಂಡ್ ಗೇರಿಗೆ ಹಾಕಿದೆ, ಎಂಜಿನ್ ಕಿರುಚಿತು. ಫಸ್ಟ್‌ಗೆ ಬೀಳಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ, ಎಳೆದೆ. ವೇಗ ಕಮ್ಮಿ ಆಯ್ತೇ ಹೊರತು ನಿಲ್ಲಲಿಲ್ಲ. ಕೊನೆಗೆ ಗುಡ್ಡದ ಕಡೆ ಮಣ್ಣಿನ ದಂಡೆಗೆ ಗಾಡಿ ಉಜ್ಜಿಸಿದೆ. ನಿಂತಿತು. ಆ ರಸ್ತೆಗೆ ಇನ್ನೊಂದು ಕಡೆ ಏನಿದೆ ಅಂತ ಹೋಗಿ ಬಂದೋರಿಗೆ ಗೊತ್ತು.

ಅಜ್ಜಿ ಮುಂದೆ ಕೈ ಊರಿದ್ರು. ಎರಡು ಬಳೆ ಒಡೆದು ಮಣಿಕಟ್ಟಿಂದ ರಕ್ತ ಬರ್ತಿತ್ತು. ತೆಂಗಿನಕಾಯಿ ಹೋಳು ನನ್ನ ಕಾಲ ಹತ್ರ ಬಿದ್ದಿತ್ತು. ಅದು ಹುಲಿ ಸಂರಕ್ಷಿತ ಅರಣ್ಯ, ಇಳಿದು ನಡೆಯೋಹಂಗಿಲ್ಲ. ಬಸ್ಸು ಬರೋವರೆಗೆ ಗಾಜು ಏರಿಸಿಕೊಂಡು ಕೂತೆವು. ಅಜ್ಜಿ ಒಂದು ಮಾತೂ ಆಡಲಿಲ್ಲ. ಬಯ್ದಿದ್ರೆ ಚೆನ್ನಾಗಿರ್ತಿತ್ತು.

ಭಾಗ 4/5

ಮೊದಲ ಫೋಟೋ: ಆ ರಬ್ಬರ್ ಕಪ್. ಸ್ವೈಪ್ ಮಾಡಿದ್ರೆ ಅಂಚಿನ ಬಿರುಕು ಕಾಣುತ್ತೆ.

ಪಿಕಪ್‌ನಲ್ಲಿ ಗಾಡಿ ತಂದು ಮೇಸ್ತ್ರಿ ಮುಂದೆ ಇಳಿಸಿದೆವು. ಅವರು ಸಿಲಿಂಡರ್ ಬಿಚ್ಚಿಸಿ, ಕಪ್ಪನ್ನ ಬೆರಳಲ್ಲಿ ಮಡಿಸಿದ್ರು. ಕಟ್ ಅಂತ ಮುರೀತು.

'ಪ್ಯಾಕೆಟ್ ಹೊಸದು ಕನ. ರಬ್ಬರ್ ನಿನಗಿಂತ ಹಿರೀದು.'

ರಬ್ಬರ್‌ಗೆ ಬಳಸಿದ್ರೆ ಮಾತ್ರ ವಯಸ್ಸಾಗೋದಲ್ಲ, ಸುಮ್ನೆ ಅಟ್ಟದ ಮೇಲೆ ಇಟ್ರೂ ಆಗುತ್ತೆ. ಗಾಳಿಗೆ, ಬಿಸಿಗೆ ಒಣಗಿ ಗಡುಸಾಗುತ್ತೆ. ಆಮೇಲೆ ಕೇಳಿದ್ರು, 'ಏನ್ರಲ್ಲಿ ತೊಳ್ದೆ?' ಪೆಟ್ರೋಲ್ ಅಂದೆ. ತಲೆ ಮೇಲೆ ಕೈ ಇಟ್ಕೊಂಡ್ರು. ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಇವೆಲ್ಲ ಬ್ರೇಕ್ ರಬ್ಬರ್‌ಗೆ ವಿಷ, ಊದಿಸಿ ಹಾಳು ಮಾಡ್ತಾವೆ. ಬ್ರೇಕ್ ಆಯಿಲಲ್ಲೇ ತೊಳೀಬೇಕು. ಅಂಗಡಿಯೋರ ಮೇಲೆ ರೇಗೋಣ ಅಂತ ಹೋಗಿದ್ದ ನನ್ನ ಬಾಯಿ ಅಲ್ಲಿಗೆ ಮುಚ್ಚಿತು.

'ನಾಲ್ಕನೇ ಬಗೆ ಇದೇ ಕನ ಮೊಗ. ಗುಜರೀದು ಬ್ಯಾಡ, ಅಟ್ಟದ್ದು ಬ್ಯಾಡ, ಅಡ್ಜಸ್ಟ್‌ಮೆಂಟು ಬ್ಯಾಡ. ಈಚೆಗೆ ತಯಾರಾಗಿರೋದೇ ಆಗ್ಬೇಕು. ಸಿಗ್ಲಿಲ್ವಾ, ಗಾಡಿ ನಿಲ್ಲಿಸ್ಬುಡು.'

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದೆ. ಟೌನ್‌ಹಾಲಿಂದ ಮಿನರ್ವ ಸರ್ಕಲ್ ಕಡೆ ಹೋಗೋ ಜೆ.ಸಿ. ರಸ್ತೆ, ಬಿಡಿಭಾಗದ ಅಂಗಡಿಗಳ ಸಾಲು. ಸುಮಾರು ಅಂಗಡೀಲಿ 'ಇಲ್ಲ'. ಒಂದು ಕಡೆ ವಯಸ್ಸಾದ ಯಜಮಾನ್ರು ಕನ್ನಡಕ ಏರಿಸಿ, 'ಪದ್ಮಿನೀನಾ? ಕೂತ್ಕೊಳ್ಳಪ್ಪ' ಅಂದ್ರು.

ಅವರು ಹೇಳಿದ್ದು: ಇಷ್ಟು ವರ್ಷ ಪದ್ಮಿನಿ ಸಾಮಾನು ಬರ್ತಿದ್ದದ್ದೇ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಿಂದ. ದಿನಾ ಓಡೋ ಗಾಡಿ ಇದ್ರೆ ದಿನಾ ಸವೆಯೋ ಸಾಮಾನು ಮಾಡೋರು ಇರ್ತಾರೆ. ಅಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿ ನೋಂದಣಿ ಆಗಿದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ 20 ವರ್ಷ ಮಿತಿ. 2023ರ ಅಕ್ಟೋಬರ್ 30ರಿಂದ ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ನಾನು ಹೋಗೋ ಹೊತ್ತಿಗೆ ಎರಡು ತಿಂಗಳೂ ಆಗಿರಲಿಲ್ಲ.

'ಇನ್ಮೇಲೆ ನಿಮ್ಮಂಥೋರು ವರ್ಷಕ್ಕೆ ಒಬ್ರು ಬರ್ತೀರ. ಒಬ್ರಿಗೋಸ್ಕರ ಯಾರು ಮಾಡ್ತಾರಪ್ಪ?'

ಆದ್ರೂ ಅವರೇ ದಾರಿ ತೋರಿಸಿದ್ರು. ರಬ್ಬರ್ ಕಪ್ ಕೂಡ ಅಳತೆ ಮೇಲೇ ಬರುತ್ತಂತೆ. ಸಿಲಿಂಡರ್ ಒಳಗಿನ ಅಳತೆ ತಗೊಂಡು, ಬ್ರೇಕ್ ಕೆಲಸ ಮಾತ್ರ ಮಾಡೋ ಒಂದು ಅಂಗಡಿಗೆ ಕಳಿಸಿದ್ರು. ಹೊಸ ಕಪ್ಪು, ಹೊಸ ರಬ್ಬರ್ ಪೈಪು, ಮಾಸ್ಟರ್ ಸಿಲಿಂಡರ್ ಕಿಟ್, ಎಲ್ಲದರ ಮೇಲೂ ತಯಾರಿಸಿದ ತಿಂಗಳು ನೋಡಿ ತಂದೆ. ದುಡ್ಡು ಸಾಲದೆ ನನ್ನ ಫೋನ್ ಮಾರಿದೆ. ಎರಡು ತಿಂಗಳು ಪೋಸ್ಟ್ ಇರಲಿಲ್ಲವಲ್ಲ, ಅದಕ್ಕೇ.

ಭಾಗ 5/5

ಕೊನೇ ಫೋಟೋ ಅಜ್ಜೀದು. ಅನುಮತಿ ಕೇಳಿ ತೆಗೆದಿದ್ದು.

ನಾಲ್ಕೂ ಚಕ್ರದ ಬ್ರೇಕ್ ಕೆಲಸ ಮೇಸ್ತ್ರಿ ಕಣ್ಣ ಮುಂದೆ, ಅಲ್ಲ, ಕಿವಿ ಮುಂದೆ ಆಯ್ತು. ಅಪ್ಪ ಬಂದು ಒಂದು ಗಂಟೆ ನಿಂತು ನೋಡಿದ್ರು. ಆಮೇಲೆ ತಾವೇ ತೋಳು ಮಡಿಸಿ ಪೆಡಲ್ ಮೇಲೆ ಕೂತ್ರು. 'ಒತ್ತಿ... ಬಿಡಿ... ಒತ್ತಿ...' ನಾನು ಕೆಳಗೆ, ಅಪ್ಪ ಮೇಲೆ. ಬೆಟ್ಟದ ವಿಷಯ ಅವರು ಅಲ್ಲಿವರೆಗೆ ಎತ್ತಿರಲಿಲ್ಲ. ಅವತ್ತು ಒಂದೇ ಮಾತು ಹೇಳಿದ್ರು: 'ಗಾಡಿ ಉಳಿಸ್ಬೇಕು ಅನ್ನೋ ಹಠದಲ್ಲಿ ಒಳಗೆ ಕೂತೋರ್ನ ಮರೆತ್ಬುಟ್ಟೆ ನೀನು.'

ಹೌದು. ಅದೇ ಆಗಿದ್ದು.

ಫೆಬ್ರವರೀಲಿ ಇನ್ಸ್‌ಪೆಕ್ಟರ್ ಓಡಿಸಿ ನೋಡಿದ್ರು, ಬ್ರೇಕ್ ಹಾಕಿದ್ರು, ಗಾಡಿ ನೇರ ನಿಂತಿತು. 5,000 ಕಟ್ಟಿದ್ದು ಅಪ್ಪ, ಹಸಿರು ತೆರಿಗೆ ಬೇರೆ. 2029ರವರೆಗೆ ಓಕೆ. ವಿಂಟೇಜ್ ಅನ್ನಿಸ್ಕೊಳ್ಳೋಕೆ 50 ವರ್ಷ ಆಗಬೇಕು, ಅಂದ್ರೆ 2034. ಅಲ್ಲಿವರೆಗೆ ನಮ್ಮದು ಗುಜರಿಯೋರ ಕಣ್ಣಿಗೆ ಹಳೇದು, ಸರ್ಕಾರದ ಲೆಕ್ಕಕ್ಕೆ ವಿಂಟೇಜೂ ಅಲ್ಲ.

ಗಾಡಿ ಪಾಸಾಯ್ತು. ಅಜ್ಜಿ ಹತ್ರ ನಾನಿನ್ನೂ ಪಾಸಾಗಿಲ್ಲ. ಕೊಳ್ಳೇಗಾಲಕ್ಕೆ ಕಣ್ಣು ತೋರಿಸೋಕೆ ಬಸ್ಸಲ್ಲೇ ಹೋದ್ರು. ಹಬ್ಬಕ್ಕೆ ನೆಂಟರ ಮನೆಗೂ ಬಸ್ಸೇ. ನಾನು ಕರೆದಾಗೆಲ್ಲ, 'ಆಮೇಕ ನೋಡನ ಬುಡು' ಅಂತಾರೆ.

ಆದ್ರೆ ಮೊನ್ನೆ ಕಾಲೇಜಿಂದ ಬಂದ್ರೆ, ಹುಣಸೆ ಮರದ ಕೆಳಗೆ ಗಾಡಿ ಬಾಗಿಲು ತೆರೆದಿತ್ತು. ಅಜ್ಜಿ ಮುಂದಿನ ಸೀಟಲ್ಲಿ ಕಾಲು ಹೊರಗೆ ಇಳಿಬಿಟ್ಟು ಕೂತು, ಮಡಿಲಲ್ಲಿ ಮೊರ ಇಟ್ಕೊಂಡು ಅವರೆಕಾಯಿ ಸುಲೀತಿದ್ರು.

'ಇಲ್ಲಿ ನೆಳ್ಳು ಚೆಂದಾಗದ ಕನ' ಅಂದ್ರು. ನಾನು ಡ್ರೈವರ್ ಸೀಟಲ್ಲಿ ಕೂತು ನಾಲ್ಕು ಕಾಯಿ ತಗೊಂಡೆ. ಕೈ ಸುಮ್ನೆ ಕೀ ಕಡೆ ಹೋಯ್ತು.

'ಅದ ಮುಟ್ಬ್ಯಾಡ' ಅಂದ್ರು.

ಮುಟ್ಟಲಿಲ್ಲ. ಕಾಯಿ ಸುಲಿದೆ.

(ಸರಣಿ ಮುಗೀತು. ಯಾರ ತೋಟದಲ್ಲಾದ್ರೂ ಪದ್ಮಿನಿ ನಿಂತಿದ್ರೆ ಮೆಸೇಜ್ ಮಾಡಿ, ಎಡಗಡೆ ಹಿಂದಿನ ಲೈಟಿನ ಗಾಜು ಬೇಕು. ಬ್ರೇಕ್ ಸಾಮಾನು ಇದೆ ಅಂತ ಮಾತ್ರ ಯಾರೂ ಕಳಿಸ್ಬೇಡಿ. ನಿಮ್ಮ ಮನೇಲೂ ಹಳೇ ಗಾಡಿ ಇದ್ರೆ ಇವತ್ತೇ ಒಂದು ಸಲ ಪೆಡಲ್ ಒತ್ತಿ ನೋಡಿ, ಪ್ಲೀಸ್.)

#ಫಿಯೆಟ್_ಕಥೆ #ಮಾಂಬಳ್ಳಿ #ಪ್ರೀಮಿಯರ್_ಪದ್ಮಿನಿ #ತಾತನ_ಗಾಡಿ #ಯಳಂದೂರು