ದಿನಕ್ಕೆ ಮೂವತ್ತಾರೇ ಫೋಟೊ!

ಹೋದ ವರ್ಷ ಅಪ್ಪ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೊ ಬೇಕಾಯಿತು. ನನ್ನ ಮೊಬೈಲಿನಲ್ಲಿ ಒಂಬತ್ತು ಸಾವಿರ ಚಿತ್ರಗಳಿದ್ದವು, ಸ್ವಾಮಿ! ನಟಿಯರು, ಶೂಟಿಂಗು, ಸನ್ಮಾನ, ಮಿರ್ಚಿ ಭಜಿ... ಅಪ್ಪ ಇದ್ದದ್ದು ನಾಲ್ಕರಲ್ಲಿ. ಅವೂ ಅರ್ಧ ಕಿವಿ, ಒಂದು ಭುಜ. ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಪತ್ರಿಕೆಗಳಿಗೆ ಫೋಟೊ ಮಾರಿ ಹೊಟ್ಟೆ ಹೊರೆಯುವವನ ಮನೆಯ ಕಥೆ ಇದು!

ಆಗ ನನಗೆ ನಾನೇ ಹಾಕಿಕೊಂಡ ಕಟ್ಟಳೆ: ದಿನಕ್ಕೆ 36 ಫೋಟೊ, 37ನೆಯದಿಲ್ಲ. ಹಳೆಯ 35 ಮಿಲಿಮೀಟರ್ ರೋಲಿನಲ್ಲಿ ಬರುತ್ತಿದ್ದದ್ದೂ ಅಷ್ಟೇ ತಾನೆ? ಜೂಮ್ ಇಲ್ಲ, ಹತ್ತಿರ ಹೋಗಲು ಕಾಲಿವೆಯಲ್ಲ! ಕೆಟ್ಟದ್ದನ್ನು ಅಳಿಸುವಂತಿಲ್ಲ. ಕೇಳದೆ ಯಾರ ಮುಖವನ್ನೂ ತೆಗೆಯುವಂತಿಲ್ಲ. ಊಟಿ, ಕಾಶ್ಮೀರ ಬೇಡ. ಬೆಳಗಾವಿ-ಖಾನಾಪುರದ ಬಸ್ ಹಾದಿಯೇ ಸಾಕು.

ಇದೇನು ಹೊಸ ಹುಚ್ಚಲ್ಲ. ಫ್ರಾನ್ಸಿನ ಕಾರ್ತಿಯೇ-ಬ್ರೆಸನ್ ಬಹುಪಾಲು ಕೆಲಸ ಮಾಡಿದ್ದು 50 ಮಿಲಿಮೀಟರಿನ ಒಂದೇ ಲೆನ್ಸಿನಲ್ಲಿ. ಸಿನಿಮಾದವರಿಗೆ 400 ಅಡಿ ಫಿಲಂ ಅಂದರೆ ನಾಲ್ಕೂವರೆ ನಿಮಿಷವೂ ಆಗುತ್ತಿರಲಿಲ್ಲ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಗೆ ಇಳಿಸಿದರಲ್ಲ, ಆ ಬೆಳಕಿನ ಕೋಲನ್ನು ನೋಡಿದವರು ಮರೆತಿಲ್ಲ. ಬರೀ ಕನ್ನಡಿ! ನನ್ನ ಫೋನಿಗೆ ಮೂರು ಕಣ್ಣಿದ್ದೂ ಅಪ್ಪ ಸಿಕ್ಕಿರಲಿಲ್ಲ.

ಮೊದಲ ದಿನ ಪಜೀತಿ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲೇ 14 ಖರ್ಚು. ಕಿಟಕಿ ಸೀಟು ಸಿಕ್ಕ ಹುಮ್ಮಸ್ಸಿನಲ್ಲಿ ಪೀರನವಾಡಿ ದಾಟುವಷ್ಟರಲ್ಲಿ 25. ಎಲ್ಲವೂ ಅಲುಗಾಡಿದವು. ಖಾನಾಪುರದಲ್ಲಿ ಇಳಿದಾಗ ಉಳಿದದ್ದು 11. ತಿಂಗಳ ಕೊನೆಗೆ ಜೇಬು ಮುಟ್ಟಿ ನೋಡಿಕೊಂಡ ಹಾಗೆ ಹೊಟ್ಟೆಯಲ್ಲಿ ಭಯ.

ಆಗ ನೋಡಿ, ಕಾಲು ನಿಧಾನವಾಯಿತು. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಒಬ್ಬ ಕುಂಬಾರ ಮಾಮಾನ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಫೋಟೊ ತಗೀಲೇನ್ರಿ ಮಾಮಾ?"

"ಥಾಂಬಾ... ನಿಂದರಪಾ, ಇನ್ನೂ ಕುತ್ತಿಗಿ ಬಂದಿಲ್ಲ."

ತಿಗರಿ ತಿರುಗುತ್ತಿತ್ತು. ಒಂದು ಗಡಿಗೆ ಕೆಟ್ಟು ಕೂತಿತು, ಮತ್ತೊಂದು ಎದ್ದಿತು. ಇಪ್ಪತ್ತು ನಿಮಿಷ ಬರೀ ನೋಡಿದೆ. ಬಾಗಿಲ ಬಿಸಿಲು ಹೆಬ್ಬೆರಳಿನ ತನಕ ಬಂದಾಗ ಅವರೇ "ಈಗ ಹೊಡಿ" ಅಂದರು. ಹೊಡೆದೆ, ಒಂದೇ ಒಂದು. ಆ ಚಿತ್ರಕ್ಕೆ ಆಮೇಲೆ ಮುನ್ನೂರು ರೂಪಾಯಿ ಬಂತು ಅನ್ನುವುದು ಬೇರೆ ಮಾತು.

ಮಲಪ್ರಭೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ "ಬ್ಯಾಡ" ಅಂದಳು. ಬ್ಯಾಡ ಅಂದರೆ ಬ್ಯಾಡ. ಕೆಂಪು ಸೀರೆ ಬಂಡೆಗೆ ಅಪ್ಪಳಿಸಿ ನೀರು ಬಿಸಿಲಿಗೆ ಚಿಮ್ಮಿದ್ದು ಈಗಲೂ ಹೊಟ್ಟೆ ಉರಿಸುತ್ತದೆ. ಕಟ್ಟಳೆ ಮಾಡಿದವನು ನಾನೇ, ಯಾರನ್ನು ಬೈಯಲಿ?

ಪೇಟೆ, ರೈಲ್ವೆ ಸ್ಟೇಷನ್ನು ಅಂತ ಉಳಿದವೂ ಹೋದವು. ಸಂಜೆ ಮನೆ ಮುಟ್ಟಿದಾಗ ಇದ್ದದ್ದು ಒಂದು. ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಇಳಿಬಿಸಿಲು ಮರದ ತುಂಬಾ.

"ಅವ್ವಾ, ಹಂಗ ಕುಂಡ್ರು!"

"ಹುಚ್ಚ ಹಿಡದೈತೇನ? ತಡಿ, ಇಲಕಲ್ಲ ಸೀರಿ ಉಟ್ಟು ಬರ್ತೀನಿ."

ಒಳಗೆ ಹೋದಳು, ಬೆಳಕೂ ಹೋಯಿತು. ಮುಖಕ್ಕೆ ಪೌಡರ್ ಹಚ್ಚಿ ಬರುವಷ್ಟರಲ್ಲಿ ಬೀದಿ ದೀಪ ಹತ್ತಿತ್ತು. 36ನೆಯದು ತೆಗೆದೆ. ಕಪ್ಪು ಕಪ್ಪು, ಚುಕ್ಕಿ ಚುಕ್ಕಿ.

"ಇನ್ನೊಂದು ತಗಿ."

"ಇವತ್ತಿಂದು ಮುಗೀತವ್ವಾ. ನಾಳೆ."

"ನಾಳೆ ಮತ್ತ ಸೀರಿ ಉಡಬೇಕೇನ?" ಎಂದು ಬೈಯುತ್ತಾ ಒಳಗೆ ಹೋದಳು.

ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದು ನೋಡಿದರೆ ಅದೇ ಸೀರೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದಾಳೆ!