ಸೊನ್ನೆ ತೋರಿಸಿದ ಮುಳ್ಳು

ಮಂಡಗದ್ದೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಕಾರು ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಅಪ್ಪಯ್ಯ. ಎದುರಿಗೆ ಬಂದ ಬಸ್ಸಿಗೆ ದಾರಿ ಕೊಟ್ಟು ಮತ್ತೆ ಆಕ್ಸಿಲರೇಟರ್ ಒತ್ತಿದಾಗ, ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಕಾರು ಒಮ್ಮೆ ಮುಗ್ಗರಿಸಿತು. ಸ್ಪೀಡೋಮೀಟರಿನ ಮುಳ್ಳು ನಲವತ್ತರಿಂದ ಸೀದಾ ಸೊನ್ನೆಗೆ ಬಿತ್ತು. ಕಿಟಕಿಯಾಚೆ ಮರಗಳು ಮಾತ್ರ ಹಿಂದಕ್ಕೆ ಓಡುತ್ತಲೇ ಇದ್ದವು.

"ನಿನಗೂ ಹಾಗಾಯ್ತಾ?" ಅಂದರು ಅಪ್ಪಯ್ಯ.

ಆ 'ನಿನಗೂ' ಕೇಳಿ ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅಂದರೆ ಇದು ಮೊದಲ ಸಲವಲ್ಲ. ಎರಡು ತಿಂಗಳಿಂದ ಹೀಗಾಗುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಪೇಟೆಗೆ ಹೋಗುವುದಿದ್ದರೆ ಆಟೋ ಕರೆಸುತ್ತಿದ್ದರು, ಕಾರಿನ ಮೇಲೆ ಟಾರ್ಪಾಲು ಹೊದೆಸಿ ಇಟ್ಟಿದ್ದರು. "ಮಳೆಗಾಲ ಅಲ್ವಾ, ಅದಕ್ಕೆ" ಎಂದು ಅಮ್ಮನಿಗೆ ಹೇಳಿದ್ದರು. ನಾನು ಪ್ರತಿ ಭಾನುವಾರ ಬೆಂಗಳೂರಿನಿಂದ ಫೋನ್ ಮಾಡಿ "ಕಾರು ಹೇಗಿದೆ?" ಅಂದರೆ "ಇದೆ" ಅನ್ನುತ್ತಿದ್ದರು. ನಾನು ಅದನ್ನು 'ಚೆನ್ನಾಗಿದೆ' ಎಂದು ಬರೆದುಕೊಂಡಿದ್ದೆ.

ಈ ಕಾರು ನಮ್ಮ ಮನೆಗೆ ಬಂದದ್ದಕ್ಕೆ ಒಂದು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ತೋಟಕ್ಕೆ ಹೋಗುವ ಸಂಕದ ಮೇಲೆ ಅಪ್ಪಯ್ಯ ಜಾರಿ ಬಿದ್ದು ಎಡತೊಡೆಯ ಮೂಳೆ ಮುರಿದಿತ್ತು. ರಾಡ್ ಹಾಕಿದರು, ನಡೆದಾಡುವಂತಾಯಿತು, ಆದರೆ ಕ್ಲಚ್ ತುಳಿಯುವಷ್ಟು ಬಲ ಎಡಗಾಲಿಗೆ ಮರಳಲಿಲ್ಲ. ಮೂವತ್ತು ವರ್ಷ ಓಡಿಸಿದ ಜೀಪನ್ನು ಮಾರಿದರು. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಈ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತಂದೆವು. ನಾಲ್ಕು ಗೇರಿನ ಹಳೆಯ ಮಾದರಿ. ಎಡಗಾಲಿಗೆ ಕೆಲಸವೇ ಇಲ್ಲ. ಆದರೆ ಆ ಕಾಲಿಗೆ ಅದು ಅರ್ಥವಾಗಲು ತಿಂಗಳುಗಳೇ ಹಿಡಿದವು. ಗೇರು ಬದಲಾಗುವ ಸದ್ದು ಕೇಳಿದರೆ ಸಾಕು, ಅದು ತಾನಾಗಿ ಕ್ಲಚ್ ಹುಡುಕುತ್ತಾ ಹೋಗಿ ಬ್ರೇಕಿನ ಮೇಲೆ ಬೀಳುತ್ತಿತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು. ಅಪ್ಪಯ್ಯ ಹಟಹಿಡಿದು ಅದನ್ನು ಬಿಡಿಸಿಕೊಂಡಿದ್ದರು.

ಈಗ ಕಾರು ಮುಗ್ಗರಿಸತೊಡಗಿದಾಗ ಅವರು ಅನುಮಾನಿಸಿದ್ದು ಕಾರನ್ನಲ್ಲ, ಆ ಕಾಲನ್ನು. "ನನಗೆ ಗೊತ್ತಿಲ್ಲದ ಹಾಗೆ ಮತ್ತೆ ಬ್ರೇಕ್ ತುಳೀತಿದ್ದೇನೆ ಅಂದುಕೊಂಡೆ. ವಯಸ್ಸಾಯ್ತಲ್ಲ ಮಾರಾಯ್ತಿ" ಅಂದರು. ಮುಳ್ಳು ಸೊನ್ನೆಗೆ ಬೀಳುವುದನ್ನು ಅವರು ಗಮನಿಸಿರಲೇ ಇಲ್ಲ. ಮುಗ್ಗರಿಸಿದಾಗಲೆಲ್ಲ ಬಗ್ಗಿ ಕಾಲನ್ನು ನೋಡಿಕೊಳ್ಳುತ್ತಿದ್ದರು.

ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಯ್ದೆವು. ಅರ್ಧ ಗಂಟೆ ನೋಡಿ, ಗೇರ್ ಬಾಕ್ಸ್ ಹೋಗಿದೆ, ಇಳಿಸಿ ಬಿಚ್ಚಬೇಕು, 85,000 ರೂಪಾಯಿ ಆಗುತ್ತದೆ ಎಂದರು. ಕಾರಿನ ಬೆಲೆಯೇ ಅದರ ಎರಡು ಪಟ್ಟಿರಲಿಲ್ಲ. ಅಪ್ಪಯ್ಯ ತಲೆಯಾಡಿಸಿ ಹೊರಗೆ ಬಂದು, "ಕೊಟ್ಟುಬಿಡೋಣ ಇದನ್ನ" ಅಂದರು. ಆ ದನಿಯಲ್ಲಿ ಬೇಸರಕ್ಕಿಂತ ನಿರಾಳವಿತ್ತು. ತಪ್ಪು ಕಾಲಿನದಲ್ಲ ಎಂದಾದರೂ ಗೊತ್ತಾಯಿತಲ್ಲ ಅನ್ನುವ ನಿರಾಳ. ನನಗೆ ಮಾತ್ರ ಆ ಮುಳ್ಳು ಬಿದ್ದ ರೀತಿ ಕಾಡುತ್ತಿತ್ತು. ಗೇರ್ ಬಾಕ್ಸಿನ ಒಳಗೆ ಸವೆದರೆ ಕಾರು ಜಾರಬಹುದು, ಸದ್ದು ಮಾಡಬಹುದು. ಓಡುತ್ತಿರುವ ಕಾರಿನ ಸ್ಪೀಡೋಮೀಟರ್ ಯಾಕೆ ಸೊನ್ನೆಗೆ ಬೀಳಬೇಕು?

ಮನೆಗೆ ತಂದು ಮೊದಲು ಮಾಡಿದ್ದು ಗೇರ್ ಬಾಕ್ಸಿನ ಆಯಿಲ್ ಕಡ್ಡಿ ಎಳೆದು ನೋಡಿದ್ದು. ಒಳಗಿನ ಕ್ಲಚ್ ತಟ್ಟೆಗಳು ಸುಟ್ಟಿದ್ದರೆ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರಬೇಕು. ನಮ್ಮದು ಇನ್ನೂ ಕೆಂಪಗಿತ್ತು. ಅಳತೆಯೂ ಸರಿಯಿತ್ತು. ಎರಡನೆಯದು, ಆನ್‌ಲೈನಿನಲ್ಲಿ ಏಳುನೂರು ರೂಪಾಯಿಗೆ ತರಿಸಿದ ಪುಟ್ಟ ಸ್ಕ್ಯಾನರ್. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲಿ ಓದಬಹುದು. ಅದು ಪಿ0722 ಎಂಬ ಕೋಡು ಕೊಟ್ಟಿತು: ಔಟ್‌ಪುಟ್ ಸ್ಪೀಡ್ ಸೆನ್ಸರ್ ಸರ್ಕ್ಯೂಟ್, ಸಿಗ್ನಲ್ ಇಲ್ಲ. ಮೂರನೆಯದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಅವನ ಫೋನಿನಲ್ಲಿ ಜಿಪಿಎಸ್ ಹಾಕಿ ಊರಿನ ರಸ್ತೆಯಲ್ಲಿ ಹೊರಟೆ. ಜಿಪಿಎಸ್ 42 ಅಂದಿತು. ಸ್ಕ್ಯಾನರ್ 0 ಅಂದಿತು. ಸ್ಪೀಡೋಮೀಟರೂ 0.

ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಮುಖ್ಯವಾಗಿ ಎರಡು ವೇಗಗಳು ತಿಳಿದಿರಬೇಕು. ಎಂಜಿನ್ ಕಡೆಯಿಂದ ಒಳಬರುವ ಶಾಫ್ಟ್ ಎಷ್ಟು ತಿರುಗುತ್ತಿದೆ, ಚಕ್ರದ ಕಡೆಗೆ ಹೊರಹೋಗುವ ಶಾಫ್ಟ್ ಎಷ್ಟು ತಿರುಗುತ್ತಿದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಯಾವ ಗೇರಿನಲ್ಲಿದ್ದೇವೆ, ಗೇರು ಸರಿಯಾಗಿ ಕೂತಿದೆಯೇ, ಜಾರುತ್ತಿದೆಯೇ ಎಂಬುದೆಲ್ಲ ಕಂಟ್ರೋಲರಿಗೆ ಗೊತ್ತಾಗುತ್ತದೆ. ಇದನ್ನು ಅಳೆಯುವ ಸೆನ್ಸರ್ ಬೆರಳುದ್ದದ ವಸ್ತು. ನಮ್ಮ ಕಾರಿನದು ಹಳೆಯ ಬಗೆಯದು: ಒಳಗೊಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ, ಹೊರಗೆ ಬರುವ ಎರಡು ವೈರು. ಎದುರಿಗೆ ಹಲ್ಲಿನ ಚಕ್ರವೊಂದು ತಿರುಗುತ್ತದೆ. ಪ್ರತಿ ಹಲ್ಲು ಹಾದುಹೋದಾಗಲೂ ಕಾಂತಕ್ಷೇತ್ರ ಏರಿಳಿದು ಸುರುಳಿಯಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಒಂದು ಸೆಕೆಂಡಿಗೆ ಎಷ್ಟು ಮಿಡಿತ ಎಂದು ಎಣಿಸಿದರೆ ವೇಗ ಸಿಕ್ಕಿತು. ನಮ್ಮ ಕಾರಿನಲ್ಲಿ ಸ್ಪೀಡೋಮೀಟರಿಗೂ ಇದೇ ಸೆನ್ಸರಿನ ಲೆಕ್ಕ ಹೋಗುತ್ತದೆ.

ಮಿಡಿತ ಬರದೇ ಇದ್ದರೆ ಲೆಕ್ಕ ಸೊನ್ನೆ. ಕಾರು ನಿಂತಿದ್ದರೂ ಸೊನ್ನೆ, ವೈರು ತುಂಡಾಗಿದ್ದರೂ ಸೊನ್ನೆ. ಮುಳ್ಳಿಗೆ ಇವೆರಡರ ನಡುವೆ ವ್ಯತ್ಯಾಸ ತೋರಿಸಲು ಜಾಗವೇ ಇಲ್ಲ.

ಇಲ್ಲಿ ನನಗೆ ಹಿಡಿಸಿದ್ದು ಗೇರ್ ಬಾಕ್ಸಿನ ಕಂಟ್ರೋಲರ್ ನಡೆದುಕೊಂಡ ರೀತಿ. ಅದು ಆ ಸೊನ್ನೆಯನ್ನು ನಂಬಿದ್ದರೆ, ಕಾರು ನಿಂತಿದೆ ಎಂದುಕೊಂಡು ಒಂದನೇ ಗೇರಿಗೆ ಇಳಿಸಬೇಕಿತ್ತು. ಅರವತ್ತರ ವೇಗದಲ್ಲಿ ಹಾಗೆ ಮಾಡಿದರೆ ಎಂಜಿನ್ ಕಿರುಚಿ ಕಾರು ಹಿಡಿತ ತಪ್ಪಬಹುದು. ಆದರೆ ಅದು ಬೇರೆ ಲೆಕ್ಕಗಳನ್ನೂ ನೋಡುತ್ತದೆ. ಎಂಜಿನ್ ಎರಡು ಸಾವಿರ ಸುತ್ತಿನಲ್ಲಿದೆ, ಆಕ್ಸಿಲರೇಟರ್ ಒತ್ತಿದೆ, ಲಿವರ್ 'ಡಿ'ಯಲ್ಲಿದೆ, ಒಳಬರುವ ಶಾಫ್ಟ್ ತಿರುಗುತ್ತಿದೆ. ಹಾಗಿದ್ದ ಮೇಲೆ ಹೊರಹೋಗುವ ಶಾಫ್ಟ್ ನಿಂತಿರಲು ಸಾಧ್ಯವಿಲ್ಲ. ಆದ್ದರಿಂದ ಈ ಸೊನ್ನೆ ಸುಳ್ಳು. ನಿಜವಾದ ವೇಗ ಏನೆಂದು ತನಗೆ ಗೊತ್ತಿಲ್ಲ. ಗೊತ್ತಿಲ್ಲದಾಗ ಅದು ಗೇರು ಬದಲಿಸುವುದನ್ನೇ ಬಿಟ್ಟು ಮೂರರಲ್ಲಿ ನಿಂತುಬಿಡುತ್ತದೆ. ಮೂರರಲ್ಲಿ ಕಾರು ಕಷ್ಟಪಟ್ಟಾದರೂ ಹೊರಡುತ್ತದೆ, ಮಧ್ಯಮ ವೇಗದಲ್ಲಿ ಮನೆಯನ್ನೂ ಮುಟ್ಟಿಸುತ್ತದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ, ಕುಂಟುತ್ತಾ ಮನೆ ಸೇರುವುದು. ಅಪ್ಪಯ್ಯನಿಗೆ ಬ್ರೇಕ್ ತುಳಿದಂತೆ ಅನಿಸುತ್ತಿದ್ದ ಮುಗ್ಗರಿಕೆ ಇದೇ, ಕಾರು ಇದ್ದಕ್ಕಿದ್ದಂತೆ ಮೂರಕ್ಕೆ ಬೀಳುತ್ತಿದ್ದದ್ದು.

ಹಾಗಾದರೆ ಸೆನ್ಸರ್ ಬದಲಿಸಿದರೆ ಆಯಿತು ಎಂದುಕೊಂಡು ತೀರ್ಥಹಳ್ಳಿಯ ವೈರಿಂಗ್ ಅಂಗಡಿಗೆ ಹೋದೆ. ಅಲ್ಲಿ ನಲವತ್ತು ವರ್ಷದಿಂದ ಲಾರಿ, ಬಸ್ಸುಗಳ ಲೈಟು, ಡೈನಮೋ ನೋಡುತ್ತಿರುವವರು ಕೋಡನ್ನು ಓದಿಸಿ ಕೇಳಿಸಿಕೊಂಡು ಹೇಳಿದರು: "ಮೇಡಂ, ಅದು ಸೆನ್ಸರ್ ಹೋಗಿದೆ ಅಂತ ಎಲ್ಲಿ ಹೇಳ್ತು? ಸರ್ಕ್ಯೂಟ್ ಅಂದಿದ್ದಲ್ವಾ? ಕಾಗದ ಬರಲಿಲ್ಲ ಅಂದ ಕೂಡಲೇ ಬರೆದವರು ಸತ್ತರು ಅಂತ ಅಂದುಕೊಂಡರೆ ಹೇಗೆ? ಪೋಸ್ಟ್‌ಮನ್ನನ್ನೂ ಕೇಳಬೇಕು."

ಮರುದಿನ ಅವರೇ ಮನೆಗೆ ಬಂದರು. ಕೈಯಲ್ಲಿ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್. ಸೆನ್ಸರಿನ ಪ್ಲಗ್ಗು ತೆಗೆದು ಅದರ ಎರಡು ಪಿನ್ನುಗಳ ನಡುವೆ ಅಳೆದರು: 560 ಓಮ್. ಸುರುಳಿ ತುಂಡಾಗಿಲ್ಲ. ಮುಂದಿನ ಒಂದು ಚಕ್ರಕ್ಕೆ ಜಾಕಿ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ನನಗೆ ಚಕ್ರ ತಿರುಗಿಸಲು ಹೇಳಿದರು. ಮೀಟರನ್ನು ಏಸಿ ವೋಲ್ಟಿಗೆ ತಿರುಗಿಸಿ ಹಿಡಿದರು. ನಾನು ತಿರುಗಿಸಿದಷ್ಟೂ ಅಂಕಿಗಳು ಏರುತ್ತಿದ್ದವು, ನಿಲ್ಲಿಸಿದರೆ ಇಳಿಯುತ್ತಿದ್ದವು. ಸೆನ್ಸರ್ ಬದುಕಿತ್ತು. ತನ್ನ ಪಾಡಿಗೆ ತಾನು ಎಣಿಸುತ್ತಲೇ ಇತ್ತು, ಕೇಳಿಸಿಕೊಳ್ಳುವವರಿರಲಿಲ್ಲ.

ಪ್ಲಗ್ಗನ್ನು ಮತ್ತೆ ಹಾಕಿ, ವೈರು ಕಂಟ್ರೋಲರನ್ನು ಸೇರುವ ಇನ್ನೊಂದು ತುದಿಯಲ್ಲಿ ಅಳೆದರು. ಮೀಟರಿನ ಎಡತುದಿಯಲ್ಲಿ ಒಂಟಿ '1' ನಿಂತಿತು. ಇಂಥ ಮೀಟರುಗಳಲ್ಲಿ ಅದರ ಅರ್ಥ ಒಂದು ಅಂತಲ್ಲ, 'ನನ್ನ ಅಳತೆಗೆ ಸಿಗುತ್ತಿಲ್ಲ' ಅಂತ. ಅಲ್ಲಿಗೆ ತಪ್ಪು ಈ ಎರಡು ತುದಿಗಳ ನಡುವೆ ಎಲ್ಲೋ ಇದೆ. ಅವರು ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತಾ ಹೋದರು, ನಾನು ಮೀಟರ್ ನೋಡುತ್ತಾ ನಿಂತೆ. ಬ್ಯಾಟರಿಯ ತಟ್ಟೆಯ ಅಡಿಯಲ್ಲಿ ಅಲುಗಿಸಿದಾಗ '1' ಮಾಯವಾಗಿ 560 ಮಿನುಗಿ ಮತ್ತೆ ಹೋಯಿತು.

ಬ್ಯಾಟರಿ ಇಳಿಸಿದೆವು. ಹಿಂದೆಂದೋ ಇಲಿ ಕಡಿದ ವೈರನ್ನು ಯಾರೋ ಬರಿಗೈಯಲ್ಲಿ ಹೊಸೆದು ಕಪ್ಪು ಟೇಪು ಸುತ್ತಿದ್ದರು. ನಮಗಿಂತ ಮುಂಚಿನ ಮಾಲೀಕರ ಕಾಲದ್ದಿರಬೇಕು. ಟೇಪು ಬಿಡಿಸಿದರೆ ಒಳಗಿನ ತಾಮ್ರ ಹಸಿರಾಗಿ ಕಿಲುಬುಗಟ್ಟಿತ್ತು. ನಮ್ಮ ಕಡೆಯ ಮಳೆಗೆ ನಾಲ್ಕು ವರ್ಷ ತಡೆದದ್ದೇ ಹೆಚ್ಚು. ಕಿಲುಬು ತಿಂದ ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿ ಬಿಸಿ ಮಾಡಿ ಮುಚ್ಚಿದರು. ಎಷ್ಟು ಎಂದು ಕೇಳಿದ್ದಕ್ಕೆ, ಬಂದುಹೋದದ್ದೂ ಸೇರಿ 400 ಎಂದರು.

ಅಪ್ಪಯ್ಯ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಎದ್ದು ಬಂದು ಆ ಹಸಿರು ತಂತಿಯ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟೇ ಇಷ್ಟಕ್ಕೆ ನಾನು ಎರಡು ತಿಂಗಳು ಕಾಲಿಗೆ ಬೈದೆನಲ್ಲ" ಅಂದರು. ಆಮೇಲೆ ಅದನ್ನು ಎಸೆಯದೆ ಕಿಟಕಿಯ ದಂಡೆಯ ಮೇಲಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ಸಂಶೋಧನೆ ಮಳೆಯ ಬಗ್ಗೆ. ಮಲೆನಾಡಿನ ಒಂದು ಪುಟ್ಟ ಹಳ್ಳದ ಜಲಾನಯನದಲ್ಲಿ ಮೂರು ಮಳೆಮಾಪಕ ಇಟ್ಟಿದ್ದೇನೆ. ಅವುಗಳೊಳಗೆ ತಕ್ಕಡಿಯಂತೆ ಆಡುವ ಎರಡು ಪುಟ್ಟ ಬಟ್ಟಲುಗಳಿವೆ. 0.2 ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚುತ್ತವೆ. ಮಗುಚುವಾಗ ಒಂದು ಅಯಸ್ಕಾಂತ ಸ್ವಿಚ್ಚಿನ ಎದುರು ಹಾದು ಒಂದು ಮಿಡಿತ ಕಳಿಸುತ್ತದೆ. ಮಿಡಿತ ಬರದ ಗಂಟೆಯನ್ನು ಯಂತ್ರ 0 ಎಂದು ಬರೆದುಕೊಳ್ಳುತ್ತದೆ. ಮೂರನೇ ಮಾಪಕದಲ್ಲಿ, ಉಳಿದೆರಡರಲ್ಲಿ ಜೋರು ಮಳೆ ಇದ್ದ ಹೊತ್ತಿನಲ್ಲೂ ಎಷ್ಟೋ ಗಂಟೆ ಸೊನ್ನೆಗಳಿದ್ದವು. ಗುಡ್ಡದ ಆಚೆ ಮಳೆ, ಈಚೆ ಬಿಸಿಲು, ಮಲೆನಾಡಿನಲ್ಲಿ ಹೊಸತೇನಲ್ಲ. ಆ ಸೊನ್ನೆಗಳ ಮೇಲೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೆ. ಮಾರ್ಗದರ್ಶಕರು ಮೆಚ್ಚಿದ್ದರು ಕೂಡ.

ಕಾರು ಸರಿಯಾದ ಮೂರನೇ ದಿನ ಹಳ್ಳದ ಬಳಿ ಹೋಗಿ ಆ ಮಾಪಕದ ಕೇಬಲ್ಲನ್ನು ಗೇಣುಗೇಣಾಗಿ ಅಲುಗಿಸಿ ನೋಡಿದೆ. ಪೆಟ್ಟಿಗೆಯೊಳಗೆ ಹೋಗುವ ಜಾಗದಲ್ಲಿ ನಾನೇ ಎರಡು ವರ್ಷದ ಹಿಂದೆ ಹಾಕಿದ್ದ ಜೋಡಣೆ ಸಡಿಲವಾಗಿತ್ತು. ಅಲುಗಿದಾಗ ಸೇರುತ್ತಿತ್ತು, ಬಿಡುತ್ತಿತ್ತು. ಯಾವ ಸೊನ್ನೆ ಬಿಸಿಲಿನದು, ಯಾವುದು ಬಿಟ್ಟುಹೋದ ತಂತಿಯದು ಎಂದು ಈಗ ಬೇರ್ಪಡಿಸುವುದು ಸಾಧ್ಯವಿಲ್ಲ. ಆ ಕಾಲಂನಲ್ಲಿ ಅನುಮಾನವಿದ್ದ ಸೊನ್ನೆಗಳನ್ನೆಲ್ಲ ಅಳಿಸಿ ಖಾಲಿ ಬಿಟ್ಟಿದ್ದೇನೆ. ಅಧ್ಯಾಯವೂ ಹೋಯಿತು, ಅದರ ಜೊತೆ ಒಂದು ವರ್ಷವೂ. ಗುರುಗಳಿಗೆ ಹೇಳಲು ಹೋದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಾಲಿ ಬಿಟ್ಟದ್ದು ಒಳ್ಳೆಯದಾಯಿತು" ಎಂದಷ್ಟೇ ಅಂದರು.

ಕಳೆದ ಭಾನುವಾರ ಎಂದಿನಂತೆ ಮನೆಗೆ ಫೋನ್ ಮಾಡಿದೆ.

"ಕಾರು ಹೇಗಿದೆ?"

"ಇದೆ."

"ಇದೆ ಅಂದರೆ ಎಂತ, ಅಪ್ಪಯ್ಯ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನಾನು ಕಾದೆ. ಆಮೇಲೆ ಅವರು ಹೇಳಲು ಶುರುಮಾಡಿದರು. ಗುರುವಾರ ಒಬ್ಬರೇ ಗಾಜನೂರಿನ ತನಕ ಹೋಗಿ ಬಂದರಂತೆ. ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಆದರೆ ಮರಳಿ ಬರುವಾಗ ಎಡಗಾಲು ಜೋಮು ಹಿಡಿದಿತ್ತು, ಸಕ್ರೆಬೈಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಅಡ್ಡಾಡಿದರಂತೆ. ಈ ಜೋಮು ದೀಪಾವಳಿಯಿಂದಲೂ ಇದೆ, ಯಾರಿಗೂ ಹೇಳಿರಲಿಲ್ಲ.

ಮುಂದಿನ ವಾರ ಡಾಕ್ಟರ ಬಳಿ ಹೋಗುವುದೆಂದಾಗಿದೆ. ಕಾರು ಅವರೇ ಓಡಿಸುತ್ತಾರಂತೆ.